ಡುಮ್ಮನಿಗೆ ಹಾಕಿದ ಬಾಳೆಲೆ

ಮೂವತ್ತು ವರ್ಷ ವ್ರತ, ಉಪವಾಸ, ಮಡಿ ಯಾವುದನ್ನೂ ತಪ್ಪಿಸದ ನನಗೆ ಒಂದು ನಾಯಿಮರಿಯನ್ನು ನಿಯಮದಲ್ಲಿ ಬೆಳೆಸುವುದು ದೊಡ್ಡ ಸಂಗತಿಯೇ ಅಲ್ಲ ಎಂದುಕೊಂಡಿದ್ದೆ. ಮನ್ಮನೆ ಊರಿನ ನಾದಿನಿ ಬುಟ್ಟಿಯಲ್ಲಿಟ್ಟು ಕೊಟ್ಟ ಮರಿ ಅದು. ಹೆಸರು ಡುಮ್ಮ. ಮೊಬೈಲಿನಲ್ಲಿ ನೋಡಿ ನಿಯಮವನ್ನೂ ಕಲಿತೆ. ಊಟ ಅದರ ತಟ್ಟೆಯಲ್ಲಿ ಮಾತ್ರ. ಅದೂ "ಕೂತ್ಗ" ಎಂದಾಗ ಕೂತರೆ ಮಾತ್ರ. ಒಂದು ದಿನವೂ ತಪ್ಪಬಾರದು.

ನಾಲ್ಕು ದಿನ ತಪ್ಪಲಿಲ್ಲ. ಡುಮ್ಮನೂ ಕೂರತೊಡಗಿದ.

ಐದನೆಯ ದಿನ ಶನಿವಾರ. ಅವತ್ತು ನಾಯಿಗೆ ಅನ್ನ ಹಾಕಿದರೆ ಶನಿಕಾಟ ಕಡಿಮೆ. ಪುಣ್ಯದ ಅನ್ನವನ್ನು ಹಳೇ ಅಲ್ಯೂಮಿನಿಯಂ ತಟ್ಟೆಗೆ ಸುರಿಯುವುದೇ? ಅಂಗಳದ ಮೂಲೆಯಲ್ಲಿ ಬಾಳೆಲೆಯ ಕುಡಿ ಹಾಸಿ, ಅನ್ನಕ್ಕೆ ತುಪ್ಪ ಬಿಟ್ಟು, "ಬಾರಪ್ಪ, ಬಾ" ಎಂದು ಕೈಮುಗಿದು ಕರೆದೆ. ಡುಮ್ಮ ಕೂರಲಿಲ್ಲ. ಶನಿದೇವರ ಕಡೆಯವನಿಗೆ "ಕೂತ್ಗ" ಎನ್ನಲು ನನಗೂ ಬಾಯಿ ಬರಲಿಲ್ಲ. ಆಮೇಲೆ ಅಷ್ಟಮಿ ಬಂತು; ನಾಯಿ ಭೈರವನ ವಾಹನವಲ್ಲವೇ, ಅವತ್ತೂ ಎಲೆ. ಅಮಾವಾಸ್ಯೆಯೂ ಬಂತು. ಮತ್ತೆ ಶನಿವಾರ.

"ತಟ್ಟೆನೋ ಎಲೆನೋ, ಯಾವ್ದಾದ್ರೂ ಒಂದು ಮಾಡೇ ಮಾರಾಯ್ತಿ," ಅಂದರು ನಮ್ಮನೆಯವರು. "ಅದ್ಕೆ ಪಂಚಾಂಗ ಓದಲೆ ಬತ್ತಿಲ್ಲೆ."

"ನಿಮಗಾದ್ರೂ ಬತ್ತ?" ಅಂದು ಬಾಯಿ ಮುಚ್ಚಿಸಿದೆ.

ಅಷ್ಟರಲ್ಲಿ ಮಾವನವರ ಮೊದಲ ವರ್ಷದ ಶ್ರಾದ್ಧ ಬಂತು. ಕೊನೆಯ ಸಂಜೆ ಮಾವ ಒಂದೇ ಒಂದು ತೊಡದೇವು ಕೇಳಿದ್ದರು. ಕಬ್ಬಿನ ಹಾಲಿನ ಸಿಹಿ, ಸಕ್ಕರೆ ಕಾಯಿಲೆಗೆ ಆಗದು ಎಂದು ಇವರು ಕೊಡಲಿಲ್ಲ. ಬೆಳಗಾಗುವಾಗ ಮಾವ ಇರಲಿಲ್ಲ. ಆಮೇಲೆ ಇವರೂ ತೊಡದೇವು ಮುಟ್ಟಿದವರಲ್ಲ. ಈಗ ಕಾಗೆಗೆ ಇಡುವ ಎಡೆಯ ಮೇಲೆ ಅದನ್ನೇ ಇಟ್ಟರು. ಕಾಗೆ ಮುಟ್ಟಿದರೆ ಅಪ್ಪಯ್ಯ ಕ್ಷಮಿಸಿದ ಹಾಗೆ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದರು.

ಅಂಗಳದ ಮೂಲೆ. ಬಾಳೆಲೆಯ ಕುಡಿ. ತುಪ್ಪದ ಅನ್ನ. ಇವರು ಕೈಮುಗಿದು ಕರೆದರು: "ಬಾ ಅಪ್ಪಯ್ಯ, ಬಾ."

ಡುಮ್ಮ ಬಂದ.

ತೊಡದೇವು ಸಮೇತ ಎಲೆ ನೆಕ್ಕಿ ಮುಗಿಸಿದ. ಇವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಎಲೆ ಮೇಲೆ ತಿಂಬಲೆ ಇದ್ಕೆ ಯಾರು ಕಲ್ಸಿದ್ದು?" ಪುರೋಹಿತ ಭಟ್ಟರು ಕೇಳಿದರು.

"ಆನೇಯ," ನಾನೇ ಎಂದು ಒಪ್ಪಿಕೊಂಡೆ. "ಪುಣ್ಯ ಬತ್ತು ಹೇಳಿ."

"ಪುಣ್ಯ ಕಾಣ್ತಾ ಇದ್ದು. ಇನ್ನೊಂದು ಎಡೆ ತಗಬಾ ತಂಗಿ."

ಪುಣ್ಯಕ್ಕೆ ಡಬ್ಬದ ತಳದಲ್ಲಿ ಅರ್ಧ ಮುರಿದ ತೊಡದೇವೊಂದು ಉಳಿದಿತ್ತು. ಎರಡನೆಯ ಎಡೆಗೆ ಅದನ್ನಿಟ್ಟು, ಡುಮ್ಮನನ್ನು ಕಂಬಕ್ಕೆ ಕಟ್ಟಿದೆ. ಅವನು ಬೊಗಳಿದ ರಭಸಕ್ಕೆ ಊರಿನ ಕಾಗೆಗಳೆಲ್ಲ ಹಾರಿದವು. ಬಿಚ್ಚಿದೆ. ನೆಟ್ಟಗೆ ಎಲೆಯ ಕಡೆ ನಡೆದ. ಮಧ್ಯಾಹ್ನ ಮೂರಾಗಿತ್ತು. ಬೆಳಗಿನಿಂದ ನೀರೂ ಕುಡಿಯದ ಇವರು ಮೆಟ್ಟಿಲ ಮೇಲೆ ಕುಸಿದಿದ್ದರು. ಉಳಿದಿದ್ದು ಅದೊಂದೇ ತೊಡದೇವು. ಬೇರೆ ದಾರಿ ಕಾಣದೆ, ಮರೆತೇ ಹೋಗಿದ್ದ ಮಾತನ್ನು ಕೂಗಿದೆ.

"ಕೂತ್ಗ."

ಡುಮ್ಮ ಕೂತ. ಎಲೆಯ ಕಡೆ ತಿರುಗಿಯೂ ನೋಡಲಿಲ್ಲ. ಕಾಂಪೌಂಡಿನಿಂದ ಒಂದು ಕಾಗೆ ಇಳಿದು, ಅನ್ನ ಬಿಟ್ಟು, ತೊಡದೇವನ್ನೇ ಕಚ್ಚಿಕೊಂಡು ಹಾರಿತು. ಇವರು ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ಅಳುತ್ತಲೇ ಸ್ವಲ್ಪ ಬೀಗಿದೆ.

"ನೋಡಿದ್ರಾ ಭಟ್ರೇ, ಕಲ್ಸಿದ್ದು ದಂಡ ಆಜಿಲ್ಲೆ."

ಭಟ್ಟರು ಡುಮ್ಮನ ಉಬ್ಬಿದ ಹೊಟ್ಟೆ ನೋಡಿದರು. "ಅದು ಕಲ್ತಿದ್ದಲ್ಲ ತಂಗಿ. ಜಾಗ ಇಲ್ಲೆ."

ಶನಿವಾರಗಳು ಶುರುವಾದ ಮೇಲೆ ಡುಮ್ಮ ನನ್ನ ಮಾತು ಕೇಳಿದ್ದು ಅದೊಂದೇ ಸಲ. ಅದಕ್ಕೆ ಮಾವನವರ ಒಂದು ಎಡೆ ಖರ್ಚಾಗಿತ್ತು.