ರೊಟ್ಟಿ ಸೀಯುವಂಥ ಕಥೆ

ಕಥೆ ಬರೆಯುವವರು ದಿನಾ ಬರೆಯಬೇಕು, ಒಂದು ದಿನವೂ ತಪ್ಪಿಸಬಾರದು ಎಂದು ಮೊಮ್ಮಗಳ ಮೊಬೈಲಿನಲ್ಲಿ ಒಬ್ಬ ಗಡ್ಡದವನು ಹೇಳುತ್ತಾನೆ. ನಾನು ತಪ್ಪಿಸುವವಳಲ್ಲ. ಮೂರು ವರ್ಷದಿಂದ ದಿನಕ್ಕೊಂದು ಪುಟ ಬರೆದಿದ್ದೇನೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಮೊಣಕಾಲು ಕೆಟ್ಟ ಮೇಲೆ ಕಟ್ಟಡದ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಇಟ್ಟಿಗೆ ಹೊರುತ್ತಿದ್ದ ತಲೆ ಖಾಲಿ ಬಿತ್ತು, ಅದರೊಳಗೆ ಸುಳ್ಳುಗಳು ಬಂದು ತುಂಬಿಕೊಂಡವು. ಅಕ್ಷರ ಕಲಿತದ್ದು ಅರವತ್ತು ದಾಟಿದ ಮೇಲೆ, ಮೊಮ್ಮಗಳು ಸವಿತಾಳ ಹತ್ತಿರ. ಅವಳು ಇಲ್ಲೇ ಗೋವಾದಲ್ಲಿ, ವೆರ್ಣಾದ ಫ್ಯಾಕ್ಟರಿಗೆ ಹೋಗುತ್ತಾಳೆ. ಮನೆಗೆ ಬಂದವಳೇ ನನ್ನ ಹಾಳೆ ಎತ್ತಿ ಹಿಡಿದು, “ಆಯಿ, ಇವು ಅಕ್ಷರನೋ, ಸತ್ತ ಇರುವಿನೋ?” ಎನ್ನುತ್ತಾಳೆ. ಬೈದುಕೊಂಡೇ ತಿದ್ದುತ್ತಾಳೆ. ಈಗ ನೀವು ಓದುತ್ತಿರುವುದೂ ಅವಳು ತಿದ್ದಿದ್ದೇ.

ನನ್ನ ಕಥೆಯನ್ನು ಯಾರೂ ಅಚ್ಚು ಹಾಕಿಲ್ಲ. ಹಾಕಿರಿ ಎಂದು ನಾನೂ ಯಾರ ಬಾಗಿಲಿಗೂ ಹೋಗಿಲ್ಲ. ಸಾಂಕೋಲೆಯ ನಮ್ಮ ಸಾಲಿನಲ್ಲಿ ಪಕ್ಕದ ಮನೆಯ ಹಲೀಮಾ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಬೆಳಿಗ್ಗೆ ಕಂಪನಿ ಬಸ್ಸು ಹತ್ತುವ, ಉತ್ತರ ಕರ್ನಾಟಕದ ನಮ್ಮ ಕಡೆಯ ಹುಡುಗರು ಅಲ್ಲೇ ರೊಟ್ಟಿ ಕಟ್ಟಿಸಿಕೊಳ್ಳುತ್ತಾರೆ. ಆ ಕಟ್ಟಿನೊಳಗೆ ನನ್ನ ಪುಟದ ಝೆರಾಕ್ಸ್ ಒಂದೊಂದು ಹೋಗುತ್ತದೆ. ಓದಿದರೆ ಓದಲಿ, ಕೈ ಒರೆಸಿಕೊಂಡರೆ ಒರೆಸಿಕೊಳ್ಳಲಿ. ಎರಡಕ್ಕೂ ಕಾಗದ ಒಂದೇ.

ಆದರೆ ಝೆರಾಕ್ಸಿಗೆ ಹೋಗುವ ಮೊದಲು ಹಲೀಮಾ ಕೇಳಬೇಕು. ಅವಳು ರೊಟ್ಟಿ ಬಡಿಯುತ್ತಾಳೆ, ನಾನು ಎದುರಿಗೆ ಕೂತು ಓದುತ್ತೇನೆ. ಕಥೆ ಚೆನ್ನಾಗಿದೆಯೋ ಇಲ್ಲವೋ ಎಂದು ಅವಳನ್ನು ಕೇಳುವ ಅಗತ್ಯವೇ ಇಲ್ಲ. ಒಲೆಯ ಮೇಲಿನ ಹಂಚು ಹೇಳುತ್ತದೆ. ಮನಸ್ಸು ಕಥೆಯಲ್ಲಿ ಸಿಕ್ಕಿಕೊಂಡರೆ ಮಗುಚುವುದು ಮರೆತುಹೋಗಿ ರೊಟ್ಟಿ ಸೀಯುತ್ತದೆ. ಒಂದು ಸೀದರೆ ಆ ಪುಟ ನಡೆಯುತ್ತದೆ, ಎರಡು ಸೀದರೆ ಚಲೋ. ಒಂದೂ ಸೀಯದಿದ್ದರೆ ಮನೆಗೆ ಹೋಗಿ ಇನ್ನೊಂದು ಸಲ ಬರೆಯುತ್ತೇನೆ. ನನ್ನ ಕಸುಬು ಸುಧಾರಿಸಿದ್ದು ಹೀಗೆ, ಅವಳ ಹಿಟ್ಟಿನ ಮೇಲೆ.

ನನ್ನ ಕಥೆಯ ಹುಡುಗ ಶಿವು. ವಾಸ್ಕೋದಲ್ಲಿ ಪೈಲಟ್. ವಿಮಾನದವನಲ್ಲ, ಬಾಡಿಗೆ ಮೋಟಾರ್‌ಸೈಕಲ್ ಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವವರಿಗೆ ಗೋವಾದಲ್ಲಿ ಹಾಗೆನ್ನುತ್ತಾರೆ. ಅವನು ಕಳ್ಳರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ, ಹಡಗಿನವರ ಜೊತೆ ಜಗಳ ಮಾಡುತ್ತಿದ್ದ, ಮೀನು ಮಾರುವವಳ ಮಗಳನ್ನು ಪ್ರೀತಿಸುತ್ತಿದ್ದ. ನಾನು ಇಷ್ಟೆಲ್ಲ ಕಷ್ಟಪಟ್ಟು ಓದಿ ಮುಗಿಸಿದರೆ ಹಲೀಮಾಳದು ಒಂದೇ ಪ್ರಶ್ನೆ.

“ಗಂಗಕ್ಕ, ಹುಡುಗ ಉಂಡನೇನು?”

“ಅಲ್ಲಿ ಕಳ್ಳರು ಚಾಕು ಹಿಡಕೊಂಡು ನಿಂತಾರ. ಉಣ್ಣಾಕ ಎಲ್ಲಿ ಟೈಮು?”

“ಕಳ್ಳರು ಹ್ವಾದ್ ಮ್ಯಾಲರ ಉಣ್ಣಸು.”

ಕಥೆ ಎಂದರೆ ಖಾನಾವಳಿ ಎಂದುಕೊಂಡಿದ್ದಾಳೆ ಎಂದು ನಾನು ನಗುತ್ತಿದ್ದೆ. ನಾಳೆ ಉಣಿಸುತ್ತೇನೆ ಎನ್ನುತ್ತಿದ್ದೆ. ಮೂರು ವರ್ಷದಲ್ಲಿ ಒಮ್ಮೆಯೂ ಉಣಿಸಲಿಲ್ಲ.

ಕಳೆದ ತಿಂಗಳು ಗಡ್ಡದವನು ಹೊಸದೊಂದು ಹೇಳಿದ. ಬರೆಯುವವರು ತಮ್ಮ ಪಾತ್ರಗಳನ್ನು ಮುದ್ದು ಮಾಡಬಾರದಂತೆ, ಕೈ ನಡುಗಿದರೂ ಕೊಲ್ಲಬೇಕಂತೆ. ನನ್ನ ಕೈ ಹೇಗೂ ನಡುಗುತ್ತಲೇ ಇರುತ್ತದೆ. ಮಧ್ಯಾಹ್ನ ಕೂತು ವೆರ್ಣಾದ ಇಳಿಜಾರಿನಲ್ಲಿ ಶಿವುವಿನ ಗಾಡಿಗೆ ಲಾರಿ ಗುದ್ದಿಸಿದೆ.

ಹಲೀಮಾಳ ಮಗ ರಜಾಕ್ ಪೈಲಟ್ ಆಗಿದ್ದ. ಸತ್ತದ್ದು ಅದೇ ಇಳಿಜಾರಿನಲ್ಲಿ, ಲಾರಿಗೆ ಸಿಕ್ಕಿ. ಐದು ವರ್ಷವಾಯಿತು. ಮಗನ ಮಯ್ಯತ್ ಹೊತ್ತುಕೊಂಡು ಗಂಡಸರು ಮನೆ ಬಿಟ್ಟಾಗ ಅವಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತವಳು ನಾನೇ. ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಪುಟ ಎಷ್ಟು ಚಲೋ ಬಂದಿತ್ತೆಂದರೆ, ಹರಿಯಲು ಮನಸ್ಸಾಗಲಿಲ್ಲ. ಇವತ್ತು ನಾಲ್ಕು ರೊಟ್ಟಿಯಾದರೂ ಸೀಯಬೇಕು ಎಂದುಕೊಂಡು ಮರುದಿನ ಬೆಳಿಗ್ಗೆ ಹೋದೆ.

ಓದಿದೆ. ಒಂದೂ ಸೀಯಲಿಲ್ಲ. ಹಲೀಮಾ ಬಡಿದಳು, ನೀರು ಸವರಿದಳು, ಮಗುಚಿದಳು, ತೆಗೆದಳು. ಒಂದಕ್ಕೂ ಕಪ್ಪು ಚುಕ್ಕೆ ಇಲ್ಲ, ಅಂಚು ಬಿರಿದಿಲ್ಲ. ನನ್ನಂಥ ಹುಚ್ಚು ಮುದುಕಿ ಇನ್ನೊಬ್ಬಳಿಲ್ಲ, ಆಗಲೂ ಕೇಳಿದೆ.

“ಯಾಕ ಹಲೀಮಾ, ಸಪ್ಪ ಆತೇನು?”

ಅವಳು ಹಿಟ್ಟಿನ ಕೈ ಒರೆಸಿಕೊಂಡಳು. “ಏಳು. ನೀ ಬಡಿ. ಇವತ್ತ ನಾ ಹೇಳ್ತೀನಿ.”

ನಾನು ಒಲೆಯ ಮುಂದೆ ಕೂತೆ. ಅವಳು ನನ್ನ ಜಾಗದಲ್ಲಿ ಕೂತಳು.

“ಅವತ್ತ ರಜಾಕ್ ಲಗೂ ಎದ್ದ. ಸ್ಟೇಷನ್ನಿಂದ ಒಂದು ಬಾಡಿಗಿ ಇತ್ತು. ಅವ್ವಾ, ಒಂದು ಬಿಸಿ ರೊಟ್ಟಿ ಕೊಡು ಅಂದ. ನಂಗ ಸಿಟ್ಟಿತ್ತು, ಹಿಂದಿನ ದಿನ ಏನೋ ಮಾತಿಗಿ ಮಾತು ಬೆಳದಿತ್ತು. ಒಲಿ ಹತ್ತಿತ್ತು ಗಂಗಕ್ಕ. ಹಂಚೂ ಕಾದಿತ್ತು. ಆದ್ರೂ, ಇನ್ನ ಆಗಿಲ್ಲ, ಬಂದ್ ಮ್ಯಾಲ ತಿನ್ನು ಹೋಗು ಅಂದೆ.”

ನಾನು ಬಡಿಯುತ್ತಲೇ ಇದ್ದೆ, ಒಂದಾದ ಮೇಲೊಂದು ಹಂಚಿಗೆ ಹಾಕುತ್ತಲೇ ಇದ್ದೆ.

“ಹಾಂಗ ಹೋದ. ಹೊಟ್ಟಿ ಖಾಲಿ ಇತ್ತು.”

ಅಷ್ಟೇ. ಅಳಲಿಲ್ಲ. ಗೋಡೆ ಪಕ್ಕದ ಮನೆಯಲ್ಲಿದ್ದೂ ಐದು ವರ್ಷ ನನಗೆ ಇದು ಗೊತ್ತಿರಲಿಲ್ಲ. ಅವಳು ದಿನಾ ಕೇಳುತ್ತಿದ್ದುದು ಏನೆಂದು ತಿಳಿಯಲು ನನಗೆ ಮೂರು ವರ್ಷದ ಪುಟಗಳು ಸಾಲಲಿಲ್ಲ.

“ಗಂಗಕ್ಕ, ಹೊಗಿ ಏಳಾಕತ್ತೈತಿ ನೋಡು,” ಎಂದಳು.

ಹಂಚಿನ ಮೇಲಿದ್ದದ್ದು ಇದ್ದಿಲಾಗಿತ್ತು. ಅದರ ಹಿಂದಿನದು ಯಾವಾಗ ಸೀದಿತು, ಅದರ ಹಿಂದಿನದು ಯಾವಾಗ ಸೀದಿತು, ನನಗೆ ಒಂದೂ ಗೊತ್ತಿಲ್ಲ. ಎಣಿಸಿದರೆ ಐದು. ನನ್ನ ಯಾವ ಪುಟಕ್ಕೂ ಅಷ್ಟು ಸೀದಿರಲಿಲ್ಲ. ಸೀದದ್ದನ್ನು ಗಿರಾಕಿಗೆ ಕೊಡುವಂತಿಲ್ಲ. ಇಬ್ಬರೂ ಚಹಾದಲ್ಲಿ ಅದ್ದಿಕೊಂಡು ತಿಂದೆವು. ಕಹಿಯಾಗಿತ್ತು. ಲಾರಿಯ ಪುಟವನ್ನು ನಾನೇ ಒಲೆಗೆ ಹಾಕಿದೆ. ಅವಳು ನೋಡಿದಳು, ಮುಂದಿನ ರೊಟ್ಟಿಗೆ ಹಿಟ್ಟು ನಾದತೊಡಗಿದಳು.

ಆ ಮಧ್ಯಾಹ್ನ ಬರೆಯಲು ಕೂತೆ. ಶಿವು ಮನೆಗೆ ಬಂದ, ಅವನ ಅವ್ವ ಬಿಸಿ ರೊಟ್ಟಿ ಹಾಕಿದಳು, ಪುಂಡಿಪಲ್ಯ ಹಾಕಿದಳು, ಹುಡುಗ ಉಂಡ. ಮುಂದೆ ಪೆನ್ನು ಹೋಗಲಿಲ್ಲ. ಸಂಜೆ ಬಂದ ಸವಿತಾ ಹಾಳೆ ತಿರುಗಿಸಿ ನೋಡಿ, “ಇಷ್ಟನ ಆಯಿ? ಕಳ್ಳರು ಎಲ್ಲಿ ಹ್ವಾದ್ರು?” ಎಂದಳು.

ದಿನಕ್ಕೊಂದು ಪುಟ ಎಂಬ ನನ್ನ ನೇಮ ಅವತ್ತು ಮುರಿಯಿತು. ಗಡ್ಡದವನು ಇದಕ್ಕೆ ಸೋಮಾರಿತನ ಎನ್ನಬಹುದು. ಮರುದಿನ ಹಲೀಮಾಳ ಎದುರಿಗೆ ಕೂತು ಆ ಎರಡು ಸಾಲು ಓದಿದೆ. ಅವಳು ಇನ್ನೊಂದು ಸಲ ಓದು ಎಂದಳು. ಓದಿದೆ. ರೊಟ್ಟಿ ಸೀದಿತೋ ಇಲ್ಲವೋ, ನಾನು ಹಂಚಿನ ಕಡೆ ನೋಡಲಿಲ್ಲ.