ಕಾಕಾ ಕಡಿಯಲು ಬಿಡದ ಹೊಲಿಗೆ

ಹೆಂಡತಿಯ ಹಣೆ ಒಡೆದು ರಕ್ತ ಸೋರುತ್ತಿರುವಾಗ, ಹೊಲಿಗೆ ಹಾಕಲು ಸೂಜಿ ಎತ್ತಿದ ಡಾಕ್ಟರನ್ನು ತಡೆದು, "ಈ ದಾರ ಯಾವ ನಂಬರಿಂದ್ರಿ?" ಎಂದು ಕೇಳಿದ ಗಂಡಸು ಈ ಭೂಮಿಯ ಮೇಲೆ ಒಬ್ಬನೇ ಇರಬೇಕು. ಆತ ನಮ್ಮ ಕಾಕಾ! ಅವಸರಪಟ್ಟು ಬೈಯಬೇಡಿ. ಆತನನ್ನು ಬೈಯಲು ನಮ್ಮ ಕಾಕು ಇದ್ದಳು. ಆ ಕೆಲಸವನ್ನು ಆಕೆ ಜೀವಮಾನದಲ್ಲಿ ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ.

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಕಾಕು ಆತನ ಹೆಂಡತಿ. ಅಪ್ಪ ಜಮಖಂಡಿಯಲ್ಲಿ ನೌಕರಿ ಹಿಡಿದು ಮಗ್ಗದಿಂದ ಪಾರಾದ. ಕಾಕಾ ಬನಹಟ್ಟಿಯಲ್ಲೇ ಉಳಿದು ಮೊದಲು ಕೈಮಗ್ಗಕ್ಕೆ, ಆಮೇಲೆ ಕರೆಂಟಿನ ಮಗ್ಗಕ್ಕೆ ಅಂಟಿಕೊಂಡ. ನನಗೆ ಬನಹಟ್ಟಿಯ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರ ಕೆಲಸ ಸಿಕ್ಕಾಗ ಟ್ರಂಕು ಹೊತ್ತುಕೊಂಡು ಇವರ ಮನೆಗೇ ಬಂದೆ.

ಎದುರಿಗೆ ಯಾರೇ ಬರಲಿ, ನಮಸ್ಕಾರಕ್ಕಿಂತ ಮೊದಲು ಕಾಕಾನ ಬಲಗೈ ಮುಂದೆ ಹೋಗುತ್ತಿತ್ತು. ಅವರ ಅಂಗಿಯ ತುದಿಯೋ ಸೀರೆಯ ಸೆರಗೋ ಆತನ ಹೆಬ್ಬೆರಳು ತೋರುಬೆರಳುಗಳ ನಡುವೆ ಸಿಕ್ಕಿ ಒಮ್ಮೆ ಮೆಲ್ಲಗೆ ತಿಕ್ಕಿಸಿಕೊಳ್ಳಬೇಕು. ಆಮೇಲೆಯೇ ಆರಾಮದೀರೇನು, ಬರ್ರಿ, ಕುಂದರ್ರಿ ಎಲ್ಲ. ಮುಧೋಳದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಹೀಗೇ ಆಯಿತು. ಹುಡುಗ ತಿಳಿನೀಲಿ ಅಂಗಿ ತೊಟ್ಟು, ಅವಲಕ್ಕಿಯ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಮರ್ಯಾದೆಯಿಂದ ಕೂತಿದ್ದ. ಕಾಕಾನ ಬೆರಳು ಹೋಯಿತು. ತಿಕ್ಕಿತು. ತೀರ್ಪು ಬಂತು.

"ಗಂಜಿ ಭಾಳ, ನೂಲು ಕಡಿಮಿ. ಎರಡ ಸಲ ಒಗದ್ರ ಮುಗೀತು!"

ಹುಡುಗನ ಅಪ್ಪ ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅವರು ಹೊಸ್ತಿಲು ದಾಟುವುದನ್ನೇ ಕಾಕು ಕಾಯುತ್ತಿದ್ದಳು.

"ಹುಡುಗನ್ನ ನೋಡ್ರಿ ಅಂದ್ರ ಅವನ ಅಂಗಿ ನೋಡಿ ಕಳಿಸಿದ್ರಲ್ರಿ!"

"ಅರಬಿ ಆರಸಾಕ ಬರಲಾರದಂವಾ ಹೆಂಡ್ತಿ ಏನ್ ಆರಸ್ತಾನ?"

"ಓಹೋ! ನೀವು ನನ್ನ ನೋಡಾಕ ಬಂದಾಗ ಏನ ಉಟ್ಟಿದ್ರಿ?"

"ನಾನ ನೇಯ್ದ ಧೋತರ."

ಕಾಕು ಅರ್ಧ ಉಳಿದ ಅವಲಕ್ಕಿಯ ತಾಟು ಎತ್ತಿಕೊಂಡು ಒಳಗೆ ಹೋದಳು. ನನ್ನ ಮದುವೆ ಮಾತ್ರ ಮುಂದಕ್ಕೆ ಹೋಯಿತು.

ಇಷ್ಟಾದರೂ ಸಹಿಸಬಹುದು. ಆದರೆ ಆ ಮನೆಯಲ್ಲಿ ಕತ್ತರಿ ಇರಲಿಲ್ಲ! ನೇಕಾರರ ಮನೆಯಲ್ಲಿ ಕತ್ತರಿ ಇಲ್ಲವೆಂದರೆ ಅಡುಗೆಮನೆಯಲ್ಲಿ ಒಲೆ ಇಲ್ಲವೆಂದ ಹಾಗೆ. ಕಾಕಾನಿಗೆ ನೂಲು ಕಡಿಯುವುದನ್ನು ಕಣ್ಣಿಂದ ನೋಡಲಾಗುತ್ತಿರಲಿಲ್ಲ. ಸೀರೆ ಮುಗಿದು ಮಗ್ಗದಿಂದ ಕೊಯ್ದು ಇಳಿಸುವ ಹೊತ್ತಿಗೆ ಸರಿಯಾಗಿ ಆತನಿಗೆ ಹೊರಗೆ ಹೋಗಿ ಚಹಾ ಕುಡಿಯುವ ನೆನಪಾಗುತ್ತಿತ್ತು. ಬ್ಲೇಡು ಹಿಡಿದು ಕೊಯ್ಯುವವಳು ಕಾಕು. "ಇದು ಕೂಡಸೂ ಕೈ ಬೇ, ಕಡಿಯೂ ಕೈ ಅಲ್ಲ" ಎಂದು ಆತ ನನಗೆ ಅಂಗೈ ತೋರಿಸುತ್ತಿದ್ದ. ನನ್ನ ಚಪ್ಪಲಿಯ ಹರಿದ ಪಟ್ಟಿ, ಹೊರಸಿನ ಸಡಿಲ ಹಗ್ಗ, ಛತ್ರಿಯ ಕಳಚಿದ ಕಡ್ಡಿ, ಎಲ್ಲವೂ ಕಾಕಾನ ಗಂಟು ಬಿದ್ದು ಮರುಜೀವ ಪಡೆದವುಗಳೇ. ಹಾಗಾದರೆ ಈತ ಕ್ಷೌರಕ್ಕಾದರೂ ಹೋಗುತ್ತಿದ್ದನೇ ಎಂದು ನೀವು ಕೇಳಬಹುದು. ಹೋಗುತ್ತಿದ್ದ. ಕೂದಲನ್ನು ಯಾರೂ ನೇಯ್ದಿಲ್ಲವಲ್ಲ!

ಮಗ್ಗದಲ್ಲಿ ಎಳೆ ಹರಿದರೆ ನೇಕಾರ ಗಂಟು ಹಾಕಿ, ಗಂಟಿನಿಂದಾಚೆ ಉಳಿದ ತುದಿಯನ್ನು ಕತ್ತರಿಸಿ ಹಾಕುತ್ತಾನೆ. ಆ ತುದಿಗೆ ಬಾಲ ಎನ್ನುತ್ತಾರೆ. ನಮ್ಮ ಕಾಕಾ ಗಂಟು ಹಾಕುವವರೆಗೆ ಎಲ್ಲರಂತೆ. ಬಾಲವನ್ನು ಮಾತ್ರ ಕಡಿಯದೆ, ಬೆರಳಿಗೆ ಉಗುಳು ಹಚ್ಚಿ ಎಳೆಯ ಮೇಲೆ ಮಲಗಿಸುತ್ತಿದ್ದ.

"ಬಾಲಾ ಕಡೀರಿ," ಎನ್ನುತ್ತಿದ್ದಳು ಕಾಕು. "ಬಾಜೂ ಎಳಿಗೆ ಸುತ್ತಗೊಂತೈತಿ."

"ನನ್ನ ಗಂಟು ಎಲ್ಲಿಗೂ ಹೋಗೂದಿಲ್ಲ."

"ಗಂಟು ಹೋಗೂದಿಲ್ರಿ. ಲಾಳಿ ಹಾರಿ ಹೊಕ್ಕೈತಿ!"

ಈ ಮಾತುಕತೆಯೆಲ್ಲ ನಡೆಯುತ್ತಿದ್ದದ್ದು ತುಟಿಯಲ್ಲಿ. ಕರೆಂಟಿನ ಮಗ್ಗ ಓಡುತ್ತಿರುವಾಗ ಅದರ ಗದ್ದಲದಲ್ಲಿ ಕಿವಿಗೆ ಕೆಲಸವಿಲ್ಲ. ಬನಹಟ್ಟಿಯ ಮಂದಿ ಎದುರಿನವರ ತುಟಿ ನೋಡಿಯೇ ಮಾತು ಓದಿಬಿಡುತ್ತಾರೆ. ಕಾಕಾ ಕಾಕು ಅಷ್ಟು ವರ್ಷ ಜಗಳಾಡಿದ್ದು ಒಂದು ಸದ್ದಿಲ್ಲದೆ! ನಾನು ಜಮಖಂಡಿಯಲ್ಲಿ ಹುಟ್ಟಿದವಳು. ನನಗೆ ಬಾಯಿ ತೆರೆದು ಮುಚ್ಚುವುದಷ್ಟೇ ಕಾಣುತ್ತಿತ್ತು.

"ಏನಂದಿ ಕಾಕು?" ಎಂದು ಆಮೇಲೆ ಕೇಳಬೇಕು.

"ನಿಮ್ಮ ಕಾಕಾಗ ಬುದ್ಧಿ ಇಲ್ಲಂದ್ನಿ."

"ಕಾಕಾ ಏನಂದ?"

"ಖರೆ ಅಂದ್ರು."

ಹೀಗಿರುವಾಗ ಒಂದು ಸಂಜೆ ಕಾಕು ಚಹಾದ ಗ್ಲಾಸು ಹಿಡಿದು ಮಗ್ಗದ ಪಕ್ಕದಲ್ಲಿ ಎಂದಿನ ಜಾಗದಲ್ಲಿ ನಿಂತಿದ್ದಳು. ಲಾಳಿ ಎಂದರೆ ನೂಲು ಹೊತ್ತು ಮಗ್ಗದ ಈ ಕಡೆಯಿಂದ ಆ ಕಡೆಗೆ ಓಡುವ ಕಟ್ಟಿಗೆ, ಎರಡೂ ತುದಿಗೆ ಉಕ್ಕಿನ ಮೂತಿ. ಅದು ದಾರಿ ತಪ್ಪಿ ಹಾರಿತು. ಕಾಕುವಿನ ಎಡಹುಬ್ಬಿನ ಮೇಲೆ ಬಡಿಯಿತು. ಆಕೆ ಕಿರುಚಿದಳೋ ಇಲ್ಲವೋ, ಯಾರಿಗೆ ಕೇಳಿಸಬೇಕು? ಗ್ಲಾಸನ್ನು ಜೋಪಾನವಾಗಿ ನೆಲದ ಮೇಲಿಟ್ಟು, ಆಮೇಲೆ ಕುಸಿದು ಕೂತಳು. ಕಾಕಾ ಮಗ್ಗ ನಿಲ್ಲಿಸಿದ. ಹೆಗಲ ಮೇಲಿನ ಟವೆಲು ತೆಗೆದು ಅವಳ ಹಣೆಗೆ ಒತ್ತಿದ. ಟವೆಲು ತೊಯ್ದು ಹೋಯಿತು.

ಓಣಿಯ ತುದಿಯ ದವಾಖಾನೆಯಲ್ಲಿ ಡಾಕ್ಟರು ಗಾಯ ತೊಳೆದು ನೋಡಿದರು. ಒಳ್ಳೆಯ ಮನುಷ್ಯ, ತಾಳ್ಮೆಯವರು; ಆ ತಾಳ್ಮೆ ಎಷ್ಟು ಬೇಕಾಗುತ್ತದೆಂಬುದು ಅವರಿಗೆ ಆಗ ಗೊತ್ತಿರಲಿಲ್ಲ.

"ಸೂಚರ್ ಹಾಕಬೇಕಾಕ್ಕೈತ್ರಿ."

"ಹಂಗಂದ್ರ?" ಎಂದ ಕಾಕಾ.

"ಹೊಲಿಗಿರಿ ಕಾಕಾ. ಗಾಯದ ಎರಡೂ ಅಂಚು ಕೂಡಿಸಿ ಹೊಲಿಯೂದು. ಹೊಲಿಗಿಗೂ ಅದ ಹೆಸರು, ಹೊಲಿಯೂ ದಾರಕ್ಕೂ ಅದ ಹೆಸರು."

ದಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಾಕಾನಿಗೆ ಜೀವ ಬಂತು. "ತೋರಸ್ರಿ" ಎಂದು ಕೈ ಮುಂದೆ ಮಾಡಿದ. ಮುಟ್ಟಬಾರದು ಎಂದು ಡಾಕ್ಟರು ದೂರದಿಂದಲೇ ತೋರಿಸಿದರು. ಕರಿಯ ರೇಷ್ಮೆ. ಆಗಲೇ ಆ ಐತಿಹಾಸಿಕ ಪ್ರಶ್ನೆ ಬಂದದ್ದು, ಯಾವ ನಂಬರಿಂದು ಎಂದು.

ತಮಾಷೆಯೆಂದರೆ ಅದಕ್ಕೂ ನಂಬರು ಇತ್ತು! ನಮ್ಮ ನೂಲಿನಂತೆಯೇ ಆ ದಾರದಲ್ಲೂ ಸಣ್ಣದು ದಪ್ಪದು ಎಂದು ಲೆಕ್ಕವಂತೆ. "ಮುಖಕ್ಕ ಸಣ್ಣದ ಬೇಕ್ರಿ, ಗಾಯದ ಕಲಿ ಉಳಿಯೂದಿಲ್ಲ," ಎಂದರು ಡಾಕ್ಟರು. ಹೊಟ್ಟೆಗೆ ಯಾವುದು, ಕಾಲಿಗೆ ಯಾವುದು ಎಂದು ಕಾಕಾ ಕೇಳತೊಡಗಿದಾಗ ಮೇಜಿನ ಮೇಲೆ ಮಲಗಿದ್ದ ಕಾಕು ಒಂದೇ ಕಣ್ಣು ತೆರೆದಳು.

"ಡಾಕ್ಟರ, ನೀವು ಹೊಲೀರಿ. ಇವರು ದಾರದ ಯಾಪಾರ ಆಮ್ಯಾಲ ಮಾಡ್ಲಿ."

ಡಾಕ್ಟರು ಹೊಲಿದರು. ಒಂದೊಂದು ಹೊಲಿಗೆಗೂ ಬೇರೆ ಬೇರೆ ಗಂಟು. ಒಂದೇ ಎಳೆಯಲ್ಲಿ ಯಾಕೆ ಹೊಲಿಯುವುದಿಲ್ಲವೆಂದು ಕಾಕಾ ಕೇಳಿದ. ಒಂದು ಬಿಟ್ಟರೂ ಉಳಿದವು ಹಿಡಿದಿರುತ್ತವೆ ಎಂದು ಅವರು ಹೇಳಿದಾಗ, "ಛಲೋ ಐತಿ" ಎಂದು ತಲೆದೂಗಿದ. ಆದರೆ ಪ್ರತಿ ಗಂಟಿನ ಮೇಲೂ ಕತ್ತರಿ ಕಚ್ ಎಂದಾಗ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಕಡೆಗೆ ಡಾಕ್ಟರು ಕೈ ತೊಳೆಯುತ್ತ, "ಮುಂದಿನ ವಾರ ಕರಕೊಂಡ ಬರ್ರಿ, ಕಡದ ತಗೀಬೇಕು" ಎಂದರು.

ಕಾಕಾ ದಂಗಾದ. "ತಗಿಯಾಕಂತನ ಯಾರರ ಹೊಲೀತಾರೇನ್ರಿ?"

ನಮ್ಮ ಕಡೆ ಗಾಯದ ಹೊಲಿಗೆಗೆ ಟಾಕಿ ಎನ್ನುತ್ತಾರೆ. ಯಾರಿಗಾದರೂ ಪೆಟ್ಟಾದರೆ ನೋವು ಎಷ್ಟು ಎಂದು ಕೇಳುವುದಿಲ್ಲ, "ಎಷ್ಟ ಟಾಕಿ ಬಿದ್ದಾವು?" ಎಂದೇ ಕೇಳುವುದು. ಕಾಕುವಿನ ಟಾಕಿಗಳು ನಮ್ಮ ಓಣಿ ದಾಟುವುದರೊಳಗೆ ಎರಡು ಪಟ್ಟಾದವು. ರಬಕವಿ ಮುಟ್ಟುವ ಹೊತ್ತಿಗೆ ಅವಳ ತಲೆಯನ್ನು ಪೂರ್ತಿ ಬಿಚ್ಚಿ ಹೊಲಿದಿದ್ದರು! ನೋಡಲು ಬಂದ ಹೆಂಗಸರಿಗೆ ಕಾಕು, "ಇಲ್ಲೇ ಅದೀನ್ರೆವಾ, ಇನ್ನೂ ಬೈಯಾಕ ಬರ್ತೈತಿ" ಎನ್ನುತ್ತಿದ್ದಳು.

ಬೈಸಿಕೊಳ್ಳುವವನೇ ಮನೆಯೊಳಗೆ ಇದ್ದೂ ಇಲ್ಲದಂತಾಗಿದ್ದ. ಮಗ್ಗ ನಿಂತಿತ್ತು. ಅಕ್ಕಪಕ್ಕದ ಮನೆಗಳ ಮಗ್ಗಗಳೆಲ್ಲ ಓಡುತ್ತಿದ್ದರೆ ನಮ್ಮದೊಂದೇ ಸುಮ್ಮನೆ. ಕಾಕಾ ಯಾರ ಅಂಗಿಯನ್ನೂ ಮುಟ್ಟುತ್ತಿರಲಿಲ್ಲ. ಕಾಕುವಿನ ಎದುರಿಗೆ ಕೂತು ಹಣೆಯ ಮೇಲಿನ ಆ ಕರಿಯ ಗಂಟುಗಳನ್ನೇ ನೋಡುತ್ತಿದ್ದ. ಡಾಕ್ಟರು ಹೇಳಿದ ದಿನ ಬಂತು. ಅಂದು ಅಮಾವಾಸ್ಯೆ ಎಂದ. ಮರುದಿನ ಮಂಗಳವಾರ ಎಂದ. ಆಮೇಲೆ ನೆಪಗಳೂ ಮುಗಿದು, "ಕಡಸೂದ ಬ್ಯಾಡ, ಹಂಗ ಇರ್ಲಿ" ಎಂದುಬಿಟ್ಟ.

"ನಡಿ ಕಾಕು, ನಾವಿಬ್ಬರ ಹೋಗಿ ಬರೂಣು," ಎಂದೆ ನಾನು.

"ಬ್ಯಾಡ ಬೇ. ತಾವಾಗೇ ಹೂಂ ಅನ್ಲಿ."

"ಇವನ ಹಟಕ್ಕ ನೀ ಯಾಕ ನೋವು ತಿಂತಿ?"

"ಹಟಾ ಅಂದ್ರ ನಾ ಬಿಡ್ತಿದ್ನೇನು?" ಎಂದಳು ಕಾಕು. "ನಿನಗ ಅವರ ಮಾರಿ ಓದಾಕ ಬರೂದಿಲ್ಲ."

ಟಾಕಿಯ ಸುತ್ತಲ ಚರ್ಮ ಕೆಂಪಾಗಿ ಊದಿತು. ದಾರ ಮಾಂಸದೊಳಗೆ ಇಳಿಯತೊಡಗಿತು. ಎಡಗಣ್ಣು ಅರ್ಧ ಮುಚ್ಚಿತು. ಒಂದು ಮಧ್ಯಾಹ್ನ ನಾನು ಸಾಲಿಯಿಂದ ಬಂದಾಗ ಕಾಕು ಜ್ವರದಲ್ಲಿ ಮಲಗಿದ್ದಳು. ಕೈ ಮುಟ್ಟಿದರೆ ಸುಡುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಕಾಕಾ ನಿಂತ ಮಗ್ಗದ ಮುಂದೆ ಕೂತಿದ್ದ. ಬಾಯಿಗೆ ಬಂದದ್ದೆಲ್ಲ ಅಂದೆ.

ಕಾಕಾ ಕೇಳಿಸಿಕೊಂಡ. ಆಮೇಲೆ ಕೈಯಿಂದ ಕರೆದು ಮಗ್ಗದ ಮೇಲೆ ಬಿಗಿದ ಎಳೆಗಳ ನಡುವೆ ಒಂದು ಜಾಗ ತೋರಿಸಿದ. ಅಲ್ಲೊಂದು ಗಂಟು. ಗಂಟಿನ ಬಾಲ ಪಕ್ಕದ ಎಳೆಗೆ ಸುತ್ತಿಕೊಂಡು, ಆ ಎಳೆ ಇನ್ನೊಂದನ್ನು ಎಳೆದು, ಲಾಳಿ ಓಡುವ ದಾರಿಗೆ ಅಡ್ಡವಾಗಿ ಜೋತು ಬಿದ್ದಿತ್ತು.

"ನಾ ಹಾಕಿದ ಗಂಟು ಇದು," ಎಂದ. "ಬಾಲಾ ಕಡದಿದ್ರ ಲಾಳಿ ಹಾರತಿರಲಿಲ್ಲ. ಆಕಿ ಹೇಳಿ ಹೇಳಿ ಸಾಕಾಗಿದ್ಲು."

"ಹಂಗಾರ ಟಾಕಿ ಕಡಸಾಕ ಯಾಕ ಒಲ್ಲಿ ಕಾಕಾ?"

"ಕಡದ ಮ್ಯಾಲ ಗಾಯಾ ಬಾಯಿ ಬಿಟ್ರ?" ಕಾಕಾ ನನ್ನ ಮುಖ ನೋಡಲಿಲ್ಲ. "ನಾ ಕಟ್ಟಿದ್ದಂತೂ ನಂಬಾಂಗಿಲ್ಲ. ಆ ಡಾಕ್ಟರ ಕಟ್ಟಿದ್ದರ ಇರ್ಲಿ ಬೇ."

"ಆಕಿಗೆ ಜ್ವರಾ ಬಂದೈತಿ. ಬಂದು ಒಮ್ಮೆ ಕೈ ಇಟ್ಟ ನೋಡು," ಎಂದೆ ಅಷ್ಟೇ. ಕಾಕಾ ಎದ್ದ.

ನಾವು ಮೂವರೂ ದವಾಖಾನೆಗೆ ಹೋದಾಗ ಕರೆಂಟು ಹೋಗಿತ್ತು. ಕರೆಂಟಿಲ್ಲದ ಬನಹಟ್ಟಿಯ ಶಾಂತಿ ಹೊರಗಿನವರಿಗೆ ಗೊತ್ತಾಗದು. ಊರೇ ಉಸಿರು ಬಿಗಿಹಿಡಿದಂತೆ. ಡಾಕ್ಟರು ಗಾಯ ನೋಡಿದರು. ಅವರ ತಾಳ್ಮೆ ಅಂದು ಮುಗಿಯಿತು.

"ಕಾಕಾ, ಏನ್ರಿ ಇದು? ಗಾಯ ಯಾವಾಗೋ ಕೂಡೈತಿ. ಈಗ ಈ ದಾರಾನ ಗಾಯಾ ಮಾಡಾಕತ್ತೈತಿ!"

ಹಗಲಾದರೂ ಒಳಕೋಣೆಯಲ್ಲಿ ಕತ್ತಲೆ. ಬ್ಯಾಟರಿಯನ್ನು ಕಾಕಾನ ಕೈಗೆ ಕೊಟ್ಟು ಬೆಳಕು ಬಿಡಲು ಹೇಳಿದರು. ಬೆಳಕು ಛಾವಣಿಗೆ ಹೋಯಿತು, ಡಾಕ್ಟರ ಕಿವಿಗೆ ಹೋಯಿತು, ಗಾಯದ ಮೇಲೊಂದು ಬಿಟ್ಟು ಎಲ್ಲ ಕಡೆ ಓಡಾಡಿತು.

"ಇಲ್ಲೆ ಹಿಡೀರಿ," ಎಂದಳು ಕಾಕು ಮಲಗಿದಲ್ಲಿಂದಲೇ. "ನನ್ನ ಕಡೆ ನೋಡ್ರಿ."

ಬೆಳಕು ನಿಂತಿತು. ಕತ್ತರಿ ಕಚ್ ಎಂದಿತು. ಕಾಕಾ ಈ ಸಲ ಮುಖ ತಿರುಗಿಸಲಿಲ್ಲ. ಡಾಕ್ಟರು ಚಿಮಟದಿಂದ ದಾರವನ್ನು ಹಿಡಿದು ಎಳೆದರು. ಒಂದು ಹನಿ ಕೀವು ಬಂತು, ಗಾಯ ಬಾಯಿ ಬಿಡಲಿಲ್ಲ. ಇನ್ನೊಂದು ಎಳೆದರು. ಬಿಡಲಿಲ್ಲ. ಮತ್ತೊಂದು. ಕಡೆಯದೂ ಬಂತು. ಹುಬ್ಬಿನ ಮೇಲೆ ಒಂದು ಕೆಂಪು ಗೆರೆ, ಅಷ್ಟೇ, ಮುಚ್ಚಿದ ಬಾಯಿಯ ಹಾಗೆ.

"ಕೂಡೂ ತನಕ ಹಿಡಿಯೂದಷ್ಟ ದಾರದ ಕೆಲಸರಿ," ಎಂದರು ಡಾಕ್ಟರು, ಈಗ ಮೆತ್ತಗೆ. "ಕೂಡಿದ್ದು ಅವರ ಚರ್ಮಾನ."

ಕಾಕಾ ಬ್ಯಾಟರಿ ಕೆಳಗಿಟ್ಟ. ಕೈ ತೊಳೆದುಕೊಂಡು ಬಂದ. ಗಂಡ ಹೆಂಡತಿಯನ್ನು ಮಂದಿಯೆದುರು ಮುಟ್ಟುವ ಮನೆತನ ನಮ್ಮದಲ್ಲ. ನಾನು ನೋಡಿದಂತೆ ಕಾಕಾ ಎಂದೂ ಮುಟ್ಟಿದವನೂ ಅಲ್ಲ. ಆತನ ಬಲಗೈ ಮುಂದೆ ಹೋಯಿತು. ಗಾಯದ ಗೆರೆಯ ಪಕ್ಕಕ್ಕೆ, ಹಣೆಯ ಮೇಲೆ, ಹೆಬ್ಬೆರಳು ಮೆಲ್ಲಗೆ ಒಮ್ಮೆ ಸರಿಯಿತು. ಎಲ್ಲದಕ್ಕೂ ಜವಾಬು ಇರುವ ನಮ್ಮ ಕಾಕು ಕಣ್ಣು ಮುಚ್ಚಿಕೊಂಡಳು.

ಅದೇ ಗಳಿಗೆಗೆ ಕರೆಂಟು ಬಂತು. ಬನಹಟ್ಟಿಯ ಮಗ್ಗಗಳೆಲ್ಲ ಒಮ್ಮೆಲೇ ಅಬ್ಬರಿಸಿದವು. ಕಾಕು ಕಣ್ಣು ತೆರೆದಳು. ಆ ಗದ್ದಲದಲ್ಲಿ ಕಾಕಾನ ತುಟಿ ಅಲ್ಲಾಡಿತು. ಕಾಕುವಿನ ತುಟಿಯೂ ಅಲ್ಲಾಡಿತು. ನನಗೆ ಒಂದಕ್ಷರ ತಿಳಿಯಲಿಲ್ಲ.

"ಏನಂದ ಕಾಕು?" ದಾರಿಯಲ್ಲಿ ಕೇಳಿದೆ.

"ನೀ ಜಮಖಂಡಿಯಾಕಿ ಬಿಡು," ಎಂದು ಆಕೆ ಸೆರಗು ಮುಂದಕ್ಕೆ ಎಳೆದುಕೊಂಡಳು.

ಬಜಾರದಲ್ಲಿ ಕಾಕಾ ಒಂದು ಅಂಗಡಿಯ ಮುಂದೆ ನಿಂತ. "ಸಣ್ಣ ಕತ್ತರಿ ಅದಾವೇನ್ರಿ?" ಎಂದು ಕೇಳಿದ. ಅಂಗಡಿಯವನಿಗೆ ಅದು ದಿನದ ಮಾತು. ನಾವಿಬ್ಬರೂ ನಡುರಸ್ತೆಯಲ್ಲಿ ನಿಂತುಬಿಟ್ಟೆವು.

ಜ್ವರ ಇಳಿದ ಮೇಲೆ ಒಂದು ಸಂಜೆ ಮಗ್ಗದ ಕೋಣೆಯಿಂದ ಕಚ್, ಕಚ್ ಎಂಬ ಸಪ್ಪಳ ಬಹಳ ಹೊತ್ತು ಕೇಳಿಸಿತು. ಕಾಕಾ ತಾನು ಹಾಕಿದ ಗಂಟುಗಳ ಬಾಲ ಒಂದೊಂದಾಗಿ ಕಡಿಯುತ್ತಿದ್ದ. ಕಾಕು ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಸಪ್ಪಳ ನಿಂತಿತು. ಮಗ್ಗ ಸುರುವಾಯಿತು. ಕಾಕು ಚಹಾ ಸೋಸಿ ಗ್ಲಾಸಿಗೆ ಹಾಕಿ, ಎದ್ದು ಒಳಗೆ ಹೋದಳು; ಮಗ್ಗದ ಪಕ್ಕದಲ್ಲಿ, ಲಾಳಿಗೆ ಎದುರಾಗಿ, ಅದೇ ಜಾಗದಲ್ಲಿ ನಿಂತಳು.