ಎಂಟು ನಿಂಬೆಹಣ್ಣು, ಎರಡು ಕೆಂಪು ಕಾರು

ವಕ್ಕಲೇರಿಯ ನಮ್ಮ ಮನೆಯಂಗಳದಲ್ಲಿ ಆ ಭಾನುವಾರ ಬೆಳಗ್ಗೆ ಇದ್ದವರು ನಾಲ್ವರು: ನಾನು, ನನ್ನ ಹೆಂಡತಿ ಸರೋಜ, ಅವಳ ತಮ್ಮ ನಾಗರಾಜ, ಮತ್ತು ಯಾರೂ ಕರೆಯದಿದ್ದರೂ ಕಾಫಿಯ ಹೊತ್ತಿಗೆ ಸರಿಯಾಗಿ ಬಂದಿದ್ದ ಪಕ್ಕದ ಮನೆಯ ವೆಂಕಟರಮಣಪ್ಪನವರು. ಜೊತೆಗೆ ಎರಡು ಸ್ಪೋರ್ಟ್ಸ್ ಕಾರು. ಎರಡೂ ಕೆಂಪು, ಎರಡೂ ಒಂದೇ ಅಚ್ಚಿನವು, ಎರಡೂ ನೆಲಕ್ಕೆ ಅಂಟಿಕೊಂಡಂತಿದ್ದವು. ನಮ್ಮ ಹುಂಜ ಸ್ವಲ್ಪ ಕತ್ತೆತ್ತಿದರೆ ಬಾನೆಟ್ಟಿನ ಆಚೆಗಿನ ಹೇಂಟೆ ಅದಕ್ಕೆ ಕಾಣುತ್ತಿತ್ತು. ಬೆಂಗಳೂರಿನಿಂದ ಅವನ್ನು ಓಡಿಸಿಕೊಂಡು ಬಂದ ಇಬ್ಬರು ಹುಣಸೆಮರದ ಕೆಳಗೆ ಫೋನು ನೋಡುತ್ತ ಕೂತಿದ್ದರು. ಅವರನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ವೆಂಕಟರಮಣಪ್ಪನವರು ಹುಟ್ಟಿದ್ದು ಶ್ರೀನಿವಾಸಪುರದ ಕಡೆ. ಆಶ್ಚರ್ಯವಾದಾಗ ಅವರ ಬಾಯಿಗೆ ತೆಲುಗೇ ಮೊದಲು ಬರುವುದು. ಕಾರುಗಳನ್ನು ಒಂದು ಸುತ್ತು ಬಂದು, "ಇದಿ ಕಾರಾ, ಚೆಪ್ಪಾ?" ಎಂದರು. ಕಾರೋ ಚಪ್ಪಲಿಯೋ ಎಂಬುದು ಅವರ ಪ್ರಶ್ನೆ.

ನಾಗರಾಜ ಮಾಲೂರಿನಲ್ಲಿ ಇಟ್ಟಿಗೆ ಗೂಡು ನಡೆಸುವವನು. ಇಟ್ಟಿಗೆಯವನಿಗೆ ಸ್ಪೋರ್ಟ್ಸ್ ಕಾರು ಯಾಕೆ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಅವನ ಹತ್ತಿರ ಮೊದಲು ಏಳು ಸೀಟಿನ ಗಾಡಿ ಇತ್ತು. ನಮ್ಮ ಸೀಮೆಯಲ್ಲಿ ಏಳು ಸೀಟು ಎಂದರೆ ಹನ್ನೊಂದು ಜನ, ಎರಡು ಮೂಟೆ, ಒಂದು ಬಾಳೆಗೊನೆ. ಮುಳಬಾಗಿಲಿನಲ್ಲಿ ನಾಮಕರಣವಾಗಲಿ, ಕ್ಯಾಲನೂರಿನಲ್ಲಿ ಹೆಣ್ಣು ನೋಡುವ ಶಾಸ್ತ್ರವಾಗಲಿ, "ನಾಗನ ಗಾಡಿ ಇದೆಯಲ್ಲಾ" ಎಂದು ನೆಂಟರು ಬಸ್ಸಿನ ಯೋಚನೆಯನ್ನೇ ಬಿಟ್ಟಿದ್ದರು. "ಇದ್ರಲ್ಲಿ ಎರಡೇ ಸೀಟು ಬಾವ. ಒಂದು ನಂದು. ಇನ್ನೊಂದ್ರಲ್ಲಿ ಎಷ್ಟು ಜನ ಕೂರ್ತಾರೋ ನೋಡೇ ಬಿಡ್ತೀನಿ" ಎಂದ. ಇಷ್ಟು ವಿಚಾರ ಮಾಡಿದವನಿಗೆ ಬಗೆಹರಿಯದೆ ಉಳಿದದ್ದು ಒಂದೇ: ಗೇರು ಇರುವುದನ್ನು ಕೊಳ್ಳುವುದೋ, ಗೇರು ತಾನೇ ಬೀಳುವ ಆಟೋಮ್ಯಾಟಿಕ್ ಕೊಳ್ಳುವುದೋ. ಮಾರುವವನ ಹತ್ತಿರ ಎರಡೂ ಇದ್ದವು. ಎರಡನ್ನೂ ತರಿಸಿ ನನ್ನ ಮುಂದೆ ನಿಲ್ಲಿಸಿದ್ದ.

ನನ್ನ ಮುಂದೆಯೇ ಯಾಕೆ ಎಂಬುದನ್ನು ಸ್ವಲ್ಪ ಸಂಕೋಚದಿಂದ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದ ನನಗೆ ಊರಿನಲ್ಲಿ ಉಳಿದಿರುವ ಮರ್ಯಾದೆ ಪಾಠದ್ದಲ್ಲ, ನಿಂಬೆಹಣ್ಣಿನದು. ಹೊಸ ಗಾಡಿ ಯಾರ ಮನೆಗೆ ಬಂದರೂ ಪೂಜೆಯಾದ ಮೇಲೆ ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಡುತ್ತಾರಲ್ಲ, ಅದರ ಮೇಲೆ ಗಾಡಿಯನ್ನು ಮೊದಲ ಸಲ ಹಾಯಿಸಲು ನನ್ನನ್ನೇ ಕರೆಯುತ್ತಾರೆ. ಟ್ರ್ಯಾಕ್ಟರು, ಟೆಂಪೊ, ಮೇಷ್ಟರುಗಳ ಸಣ್ಣ ಕಾರು, ಎಲ್ಲವಕ್ಕೂ ನಾನೇ. ಗಾಡಿ ಎಗರಬಾರದು, ಎಂಜಿನ್ ನಿಲ್ಲಬಾರದು, ನಾಲ್ಕೂ ಒಂದೇ ಸಲಕ್ಕೆ ಒಡೆಯಬೇಕು. ಇದೆಲ್ಲ ಇರುವುದು ಕ್ಲಚ್ಚಿನ ಮೇಲಿನ ಎಡಗಾಲಿನಲ್ಲಿ. ನನಗೆ ಇದನ್ನು ಕಲಿಸಿದವರು ಜೀಪು ಓಡಿಸುತ್ತಿದ್ದ ನಮ್ಮ ಸೋದರಮಾವ. "ಕ್ಲಚ್ಚನ್ನ ಹಸೂಗೆ ಕರ ಬಿಟ್ಟಂಗೆ ಬಿಡಬೇಕು ಕಣೋ. ಒಂದೇ ಸಲ ಬಿಟ್ರೆ ಒದೆ ಬೀಳುತ್ತೆ" ಎನ್ನುತ್ತಿದ್ದರು. ಗುರುಮುಖದಿಂದ ಬಂದ ವಿದ್ಯೆ. ಮೂವತ್ತು ವರ್ಷ ಕೈಕೊಟ್ಟಿರಲಿಲ್ಲ. ಕಾಲು ಕೊಟ್ಟಿರಲಿಲ್ಲ ಎನ್ನುವುದು ಹೆಚ್ಚು ಸರಿ.

ಇದೇ ವಿದ್ಯೆಯನ್ನು ಹನ್ನೆರಡು ವರ್ಷದ ಹಿಂದೆ ಸರೋಜಳಿಗೂ ಹೇಳಿಕೊಡಲು ಹೋಗಿದ್ದೆ. ಆಗ ನಮ್ಮ ಹತ್ತಿರ ಒಂದು ಹಳೆಯ ಕಾರಿತ್ತು. ಹಾಲಿನ ಡೈರಿಯ ಮುಂದಿನ ಉಬ್ಬಿನಲ್ಲಿ ಅವಳು ಮೂರು ಸಲ ಎಂಜಿನ್ ನಿಲ್ಲಿಸಿದಳು. ಕ್ಯಾನು ಹಿಡಿದು ಸಾಲಾಗಿ ನಿಂತಿದ್ದವರ ಎದುರಿಗೇ ನಾನು, "ಹಸೂಗೆ ಕರ ಬಿಡಕ್ಕೆ ಬರುತ್ತೆ, ಕ್ಲಚ್ ಬಿಡಕ್ಕೆ ಬರಲ್ವಾ?" ಎಂದುಬಿಟ್ಟೆ. ಅವಳು ಇಳಿದು, ಬಾಗಿಲು ಮೆಲ್ಲಗೆ ಹಾಕಿ, ಮನೆಗೆ ನಡೆದುಕೊಂಡು ಹೋದಳು. ಜೋರಾಗಿ ಹಾಕಿದ್ದರೆ ವಾಸಿಯಿತ್ತು. ಆಮೇಲೆ ಗೇರಿಲ್ಲದ ಸ್ಕೂಟರು ಕೊಂಡು ಅದರಲ್ಲೇ ಡೈರಿಗೆ ಹಾಲು ಹಾಕುತ್ತಾಳೆ. ಕಾರಿನ ಮಾತು ನಮ್ಮ ಮನೆಯಲ್ಲಿ ಅಂದಿಗೆ ಮುಗಿದಿತ್ತು.

ಹೀಗಾಗಿ ಗೇರಿನ ಪರವಾಗಿ ಆ ಭಾನುವಾರ ನಾನು ಆಡಿದ ಮಾತು ಸ್ವಲ್ಪ ಉದ್ದವಾಯಿತು. "ಗೇರಿಲ್ಲದ ಸ್ಪೋರ್ಟ್ಸ್ ಕಾರು ಅಂದ್ರೆ ಯಾರೋ ಅಗಿದು ಕೊಟ್ಟ ಕಡಲೇಕಾಯಿ ಕಣೋ ನಾಗ. ಓಡಿಸೋದು ಅದು, ಕೂತಿರೋದು ನೀನು. ಎಡಗೈ ಎಡಗಾಲು ಎರಡನ್ನೂ ಮನೇಲಿ ಬಿಟ್ಟು ಹೋಗ್ತೀಯಾ?" ಎಂದೆ.

"ಹೊಸಕೋಟೆ ಟ್ರಾಫಿಕ್ಕಲ್ಲಿ ಕ್ಲಚ್ ತುಳಿದೂ ತುಳಿದೂ ಎಡಗಾಲು ಆಗಲೇ ಹೋಗಿದೆ ಬಾವ" ಎಂದ ನಾಗರಾಜ. ಕೊನೆಗೆ ಅವನೇ ಒಂದು ಷರತ್ತು ಹಾಕಿದ: "ನಿಂಬೆಹಣ್ಣೇ ಹೇಳ್ಲಿ. ನೀವು ಎರಡನ್ನೂ ಹಾಯಿಸಿ. ಯಾವುದು ಚೆನ್ನಾಗಿ ಒಡೆಯುತ್ತೋ ಅದೇ ನನ್ನ ಕಾರು."

ಕೊಳ್ಳುವ ಮೊದಲೇ ನಿಂಬೆಹಣ್ಣೇ ಎಂದು ವೆಂಕಟರಮಣಪ್ಪನವರು ಆಕ್ಷೇಪ ಎತ್ತಿದರು. "ಕಾರು ಯಾರದ್ದಾದ್ರೇನು, ಕೂರೋರು ನಮ್ಮೋರಲ್ವಾ" ಎನ್ನುತ್ತ ಸರೋಜ ಒಳಗಿನಿಂದ ಎಂಟು ನಿಂಬೆಹಣ್ಣು ತಂದಳು. ಒಂದೊಂದು ಚಕ್ರದಿಂದ ಎರಡೆರಡು ಬೆರಳು ದೂರಕ್ಕೆ ಇಟ್ಟಳು.

ಗೇರಿನ ಕಾರಿಗೆ ಮೊದಲು ಹತ್ತಿದೆ. ಹತ್ತಿದೆ ಎನ್ನುವುದು ಅಭ್ಯಾಸದ ಮಾತು. ಬಾವಿಗೆ ಇಳಿದಂತೆ ಇಳಿದೆ. ಕಾಲು ಚಾಚಿ ಮಲಗಿದಂತೆ ಕೂರಬೇಕು. ಕ್ಲಚ್ಚು ರಾಗಿಕಲ್ಲಿನ ಹಾಗೆ ಗಟ್ಟಿ. ಒತ್ತಿದೆ, ಬಿಟ್ಟೆ. ಎಂಜಿನ್ ನಿಂತಿತು. ಇನ್ನೊಮ್ಮೆ ನಿಂತಿತು. ಮೂರನೆಯ ಸಲ ಕಾರು ಹಿಂಗಾಲು ಝಾಡಿಸಿದ ಹೋರಿಯಂತೆ ಎಗರಿ ನಿಂತಿತು. ಮುಂದಿನ ಒಂದು ನಿಂಬೆಹಣ್ಣು ಒಡೆಯದೆ ಚಿಮ್ಮಿ ವೆಂಕಟರಮಣಪ್ಪನವರ ಕಾಲಿಗೆ ಬಡಿಯಿತು. ಅವರು ಅದನ್ನು ಎತ್ತಿ ನೋಡಿ, "ಮೇಷ್ಟ್ರೇ, ಪಾನಕಕ್ಕಾಗುತ್ತೆ" ಎಂದು ಜೇಬಿಗೆ ಹಾಕಿಕೊಂಡರು.

ಆಟೋಮ್ಯಾಟಿಕ್ಕಿನಲ್ಲಿ ಕೂತಾಗ ಬ್ರೇಕ್ ಬಿಟ್ಟರೆ ಸಾಕು ಎಂದು ನಾಗರಾಜ ಎರಡು ಸಲ ಹೇಳಿದ. ಬಿಟ್ಟೆ. ನಾನು ಏನೂ ಮಾಡದೆ ಕಾರು ತಾನಾಗಿ ಹೊರಟಿತು. ಮೂವತ್ತು ವರ್ಷದಲ್ಲಿ ಯಾವ ಗಾಡಿಯೂ ನನ್ನನ್ನು ಕೇಳದೆ ಹೊರಟಿರಲಿಲ್ಲ. ಗಾಬರಿಯಲ್ಲಿ ಎಡಗಾಲು ತನ್ನ ಹಳೆಯ ಕೆಲಸಕ್ಕೆ ನುಗ್ಗಿ, ಅಲ್ಲಿದ್ದ ಅಗಲವಾದ ಪೆಡಲನ್ನು ಬಲವಾಗಿ ತುಳಿಯಿತು. ಅದು ಬ್ರೇಕು. ನನ್ನ ಹಣೆ ಸ್ಟಿಯರಿಂಗಿಗೆ ತಗಲಿತು. ನಾಲ್ಕು ನಿಂಬೆಹಣ್ಣೂ ಇಟ್ಟಲ್ಲೇ ಇದ್ದವು. ಹುಂಜ ಒಂದು ಬಾರಿ ಕೂಗಿತು.

"ಇಳೀರಿ" ಎಂದಳು ಸರೋಜ. ಸೆರಗು ಸಿಕ್ಕಿಸಿ ತಾನು ಕೂತಳು. "ಲೇ ನಾಗ, ಇದು ನನ್ನ ಸ್ಕೂಟ್ರು ತರಾನೇ ಅಲ್ವೇನೋ? ಬ್ರೇಕ್ ಬಿಟ್ಟು ಒಂಚೂರು ಆಕ್ಸಿಲೇಟರ್ ಕೊಡೋದು?"

"ಅಷ್ಟೇ ಅಕ್ಕ."

ಕಾರು ಸಂಜೆ ಕೊಟ್ಟಿಗೆಗೆ ಹೊರಟ ಹಸುವಿನಂತೆ ಹೆಜ್ಜೆ ಇಟ್ಟಿತು. ನಾಲ್ಕೂ ಒಟ್ಟಿಗೆ ಪಚಕ್ಕನೆ ಒಡೆದವು. ಅಂಗಳದ ತುದಿಯಲ್ಲಿ ನಿಲ್ಲಿಸಿ, ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿದಳು. ಆ ಸದ್ದನ್ನು ನಾನು ಹನ್ನೆರಡು ವರ್ಷದ ಹಿಂದೆ ಡೈರಿಯ ಮುಂದೆ ಕೇಳಿದ್ದೆ. ನನ್ನ ಹಣೆಯನ್ನು ನೋಡಿದವಳು ಕರುವಿನ ಮಾತು ಎತ್ತಲಿಲ್ಲ. "ಅರಿಶಿನ ಹಚ್ಚಲಾ?" ಎಂದಳು, ಅಷ್ಟೆ.

ನಾಗರಾಜ ಆಟೋಮ್ಯಾಟಿಕ್ಕನ್ನೇ ಕೊಂಡ. ಸರೋಜ ಕೋಲಾರಕ್ಕೆ ಹೋಗಿ ಬಂದು ಕಾರಿನ ಲೈಸೆನ್ಸು ಮಾಡಿಸಿಕೊಂಡಳು. ಅವನ ಎರಡನೆಯ ಸೀಟಿನಲ್ಲಿ ಎಷ್ಟು ನೆಂಟರು ಕೂರುತ್ತಾರೆ ಎಂಬುದು ಇನ್ನೂ ಗೊತ್ತಾಗಿಲ್ಲ. ಓಡಿಸುವ ಸೀಟಿನಲ್ಲಿ ಅವನ ಅಕ್ಕ ಇರುತ್ತಾಳೆ, ಎರಡನೆಯದರಲ್ಲಿ ಅವನೇ.

ಕಳೆದ ತಿಂಗಳು ವೆಂಕಟರಮಣಪ್ಪನವರ ತಂಗಿಯ ಮಗ ಶ್ರೀನಿವಾಸಪುರದಿಂದ ಎಲೆ ಅಡಿಕೆ ಹಿಡಿದು ಬಂದ. ಹೊಸ ಕಾರು ತೆಗೆದುಕೊಂಡಿದ್ದಾನಂತೆ. ನಾನು ಎದ್ದು ಕನ್ನಡಕ ಒರೆಸಿಕೊಂಡು, "ಯಾವಾಗಪ್ಪ ಪೂಜೆ?" ಎಂದೆ. ಅವನು ನೆಲ ನೋಡುತ್ತ, "ಗುರುವಾರ ಸಾರ್... ಗೇರಿಲ್ಲದ್ದು. ಅದಕ್ಕೆ ಅಕ್ಕಾವ್ರನ್ನ ಕರೆಯೋಣ ಅಂತ" ಎಂದ.

ಗುರುವಾರ ಇಬ್ಬರೂ ಹೋದೆವು. ಸರೋಜ ಒಳಗೆ ಕೂತಳು. ನಿಂಬೆಹಣ್ಣುಗಳನ್ನು ನಾನು ಇಟ್ಟೆ, ಎರಡೆರಡು ಬೆರಳು ದೂರಕ್ಕೆ. ಅವಳು ಬ್ರೇಕ್ ಬಿಟ್ಟಳು. ನಾಲ್ಕೂ ಒಟ್ಟಿಗೆ ಒಡೆದವು. ಎಲ್ಲರೂ ಕಾರಿನ ಕಡೆ ಹೋದ ಮೇಲೆ ಕೆಳಗೆ ನೋಡಿಕೊಂಡೆ. ಆಗ ತಾನೇ ನೀರು ಚಿಮುಕಿಸಿದ್ದ ಅಂಗಳದಲ್ಲಿ ನನ್ನ ಎಡ ಚಪ್ಪಲಿ ಮಾತ್ರ ಕ್ಲಚ್ಚು ತುಳಿದಂತೆ ಒಂದು ಅಂಗುಲ ಹೂತಿತ್ತು.